ರಿಪೇರಿ ಆದ ಸ್ಪೀಕರ್ ಜರ್ರ್ ಅಂದರೆ ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮೂಡಿನಲ್ಲೇ ಕೂತಿದ್ದೇನೆ.

ಹಳೇ ಸ್ಟೀರಿಯೊ ಸ್ಪೀಕರ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ಸಲ ಕೇಳಿರುವ ಮಾತಿದು: "ಹಳೇ ಮಾಲು ಅಲ್ವಾ ಸಾರ್, ಅಷ್ಟಿಷ್ಟು ಸದ್ದು ಇದ್ದೇ ಇರುತ್ತೆ." ಕೋನ್ (ಸದ್ದು ಮಾಡಲು ಮುಂದೆ ಹಿಂದೆ ಆಡುವ ಬಟ್ಟಲಿನಂಥ ಭಾಗ) ಸುತ್ತ ಹೊಸ ಫೋಮ್ ಅಂಚು ಹಾಕಿಸಿ, ದುಡ್ಡು ಕೊಟ್ಟು, ಮನೆಗೆ ತಂದು ಹಾಡು ಹಾಕುತ್ತೀರಿ. ಬೇಸ್ ಬಂದ ಕಡೆಯಲ್ಲೆಲ್ಲ ಜರ್ರ್, ಜರ್ರ್. ಕೇಳಿದರೆ ವಯಸ್ಸಿನ ಕಥೆ. ನಾನು ಇದನ್ನು ಒಪ್ಪುವುದಿಲ್ಲ. ರಿಪೇರಿಗೆ ಮುಂಚೆ ಇಲ್ಲದ ಸದ್ದು ರಿಪೇರಿ ಆದ ಮೇಲೆ ಬಂದಿದೆ ಅಂದರೆ, ಮೊದಲು ಅನುಮಾನ ಪಡಬೇಕಾದ್ದು ರಿಪೇರಿಯನ್ನು. ಎಲ್ಲಿ ಕೈ ಆಡಿತ್ತೋ ಅಲ್ಲೇ ಹುಡುಕಿ. ಹತ್ತರಲ್ಲಿ ಎಂಟು ಸಲ ಅಂತೆಲ್ಲ ಲೆಕ್ಕ ಹೇಳುವುದಿಲ್ಲ, ಲೆಕ್ಕ ಇಟ್ಟವನಲ್ಲ, ಆದರೆ ಹುಡುಕಾಟ ಅಲ್ಲಿಂದ ಶುರು ಮಾಡಿದವರಿಗೆ ಟೈಮ್ ಉಳಿಯುತ್ತದೆ.

ಇನ್ನೊಂದು ಜಾತಿಯವರೂ ಇದ್ದಾರೆ. ಜರ್ರ್ ಅಂದರೆ ಬೇಸ್ ಕಮ್ಮಿ ಮಾಡಿ ಕೇಳುವವರು. ಅಲ್ಲ ಸ್ವಾಮಿ, ಹನ್ನೆರಡು ಇಂಚಿನ ವೂಫರ್ (ಬೇಸ್ ನುಡಿಸುವ ದೊಡ್ಡ ಸ್ಪೀಕರ್) ಇಟ್ಟುಕೊಂಡು ಬೇಸ್ ಕಮ್ಮಿ ಮಾಡಿ ಕೇಳುವುದಾದರೆ ಅಷ್ಟು ದೊಡ್ಡ ಡಬ್ಬ ಮನೆಯಲ್ಲಿ ಯಾಕೆ?

ಸರಿ, ಕೆಲಸಕ್ಕೆ ಬರೋಣ. ಮೊದಲು ಸದ್ದು ಸ್ಪೀಕರ್‌ನದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ತಗ್ಗಿನ ಸ್ವರ ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಕಿಟಕಿ ಗಾಜು, ಗೋಡೆಯ ಫೋಟೊ ಫ್ರೇಮು, ಸ್ಪೀಕರ್ ಮೇಲೆ ಇಟ್ಟಿರುವ ಏನೋ ಒಂದು ಸಾಮಾನು, ಇವೆಲ್ಲ ಅದುರುತ್ತವೆ. ಆಮೇಲೆ ಎಡ ಬಲ ವೈರ್ ಅದಲು ಬದಲು ಮಾಡಿ. ಸದ್ದು ಪಕ್ಕದ ಡಬ್ಬಕ್ಕೆ ಹಾರಿದರೆ ತಪ್ಪು ಆಂಪ್ಲಿಫೈಯರ್ ಕಡೆಯದು, ಸ್ಪೀಕರ್ ಬಿಚ್ಚಬೇಡಿ. ಅಲ್ಲೇ ಉಳಿದರೆ ಮುಂದೆ ಓದಿ, ಅಲ್ಲ, ಮುಂದೆ ಕೇಳಿ.

ಹಾಡು ಹಾಕಿ ಹುಡುಕಲು ಹೋಗಬೇಡಿ. ಹಾಡಿನಲ್ಲಿ ಎಲ್ಲ ಕಲಸಿಹೋಗಿರುತ್ತದೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಸಿಗುತ್ತದೆ, ಅದರಲ್ಲಿ ಸೈನ್ ವೇವ್ (ಒಂದೇ ಶುದ್ಧ ಸ್ವರ) ಹಾಕಿ, 20 ಹರ್ಟ್ಜ್‌ನಿಂದ 200 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರಿಸುತ್ತಾ ಹೋಗಿ. ವಾಲ್ಯೂಮ್ ಕಮ್ಮಿ ಇರಲಿ. ಇದು ಸುಮ್ನೆ ಹೇಳುವ ಮಾತಲ್ಲ. ಹಾಡಿನಲ್ಲಿ ಏರಿಳಿತ ಇರುತ್ತದೆ, ವಾಯ್ಸ್ ಕಾಯಿಲ್, ಅಂದರೆ ಕೋನ್ ಆಡಿಸುವ ತಂತಿ ಸುರುಳಿ, ತಣ್ಣಗಾಗಲು ಪುರುಸೊತ್ತು ಸಿಗುತ್ತದೆ. ಒಂದೇ ಸಮ ಟೋನ್ ಜೋರಾಗಿ ಕೊಟ್ಟರೆ ವಾಯ್ಸ್ ಕಾಯಿಲ್ ಸುಟ್ಟೇ ಹೋಗಬಹುದು. ವೂಫರ್ ಅನ್ನು ಡಬ್ಬದಿಂದ ಹೊರಗೆ ತೆಗೆದು ಪರೀಕ್ಷೆ ಮಾಡುವಾಗ ಇನ್ನೂ ಕಮ್ಮಿ, ಯಾಕೆಂದರೆ ಹಿಂದೆ ತಡೆಯುವ ಗಾಳಿ ಇಲ್ಲದೆ ಕೋನ್ ಜಾಸ್ತಿ ಕುಣಿಯುತ್ತದೆ.

ಈಗ ಸದ್ದಿನ ಬಣ್ಣ ಗಮನಿಸಿ. ಒಂದೇ ಒಂದು ಸ್ವರದಲ್ಲಿ ಮಾತ್ರ ಜುಂಯ್ ಅಂದು, ಸ್ವಲ್ಪ ಮೇಲೆ ಕೆಳಗೆ ಹೋದರೆ ಮಾಯವಾದರೆ ಏನೋ ಸಡಿಲ ಇದೆ: ಗ್ರಿಲ್, ಅದರ ಮೇಲಿನ ಲೋಹದ ಬ್ಯಾಡ್ಜ್, ಕ್ರಾಸ್‌ಓವರ್ ಬೋರ್ಡಿನಲ್ಲಿ (ತಗ್ಗಿನ ಸ್ವರ, ಮೇಲಿನ ಸ್ವರ ಬೇರೆ ಮಾಡಿ ಹಂಚುವ ಸರ್ಕ್ಯೂಟ್) ಅಂಟು ಬಿಟ್ಟ ಕಾಯಿಲ್, ಹಿಂದಿನ ಟರ್ಮಿನಲ್ ತಟ್ಟೆ. ಬೆರಳಿನಿಂದ ಒಂದೊಂದನ್ನೇ ಒತ್ತುತ್ತಾ ಹೋಗಿ, ಯಾವುದನ್ನು ಒತ್ತಿದಾಗ ನಿಂತಿತೋ ಅದೇ ಕಳ್ಳ. ಸುಯ್ ಅಂತ ಗಾಳಿ ಹೋಗುವ ಸದ್ದಾದರೆ ಡಬ್ಬ ಸೋರುತ್ತಿದೆ, ವೂಫರ್ ಮತ್ತು ಡಬ್ಬದ ನಡುವಿನ ಗ್ಯಾಸ್ಕೆಟ್ ಪಟ್ಟಿ ನೋಡಿ. ಮುಚ್ಚಿದ ಡಬ್ಬವಾದರೆ ಕೋನ್ ಅನ್ನು ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ವಾಪಸ್ ಬಂದರೆ ಸೋರಿಕೆ ಇಲ್ಲ, ಟಪ್ ಅಂತ ಬಂದರೆ ಎಲ್ಲೋ ಸಂದಿ ಇದೆ.

ಆದರೆ ತಗ್ಗಿನ ಸ್ವರದಲ್ಲೆಲ್ಲ, ಕೋನ್ ಎಷ್ಟು ಜಾಸ್ತಿ ಆಡಿದರೆ ಅಷ್ಟು ಜಾಸ್ತಿ, ಒಣ ಮರಳು ಉಜ್ಜಿದ ಹಾಗೆ ಕರಕರ ಅಂದರೆ ಅದು ಕಾಯಿಲ್ ಉಜ್ಜುತ್ತಿರುವುದು. ಇದೇ ದೊಡ್ಡ ವಿಷಯ.

ವಾಯ್ಸ್ ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವೆ ಇರುವ ಸಂದಿ ಎಷ್ಟು ಗೊತ್ತಾ? ಒಂದೊಂದು ಕಡೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಆ ಸಂದಿಯಲ್ಲಿ ಕಾಯಿಲ್ ಎಲ್ಲೂ ತಾಗದ ಹಾಗೆ ಹಿಡಿದಿಡುವ ಕೆಲಸ ಇಬ್ಬರದು. ಹಿಂದೆ ಸ್ಪೈಡರ್, ಅಂದರೆ ಕಾಯಿಲ್ ಸುತ್ತ ಅಂಟಿಸಿದ ಸುಕ್ಕುಸುಕ್ಕು ಬಿಲ್ಲೆ. ಮುಂದೆ ಸರೌಂಡ್, ಅಂದರೆ ಕೋನಿನ ಹೊರ ಅಂಚನ್ನು ಚೌಕಟ್ಟಿಗೆ ಹಿಡಿದಿಡುವ ಮೆತ್ತನೆ ಸುತ್ತು. ಈ ಸರೌಂಡ್ ಪಾಲಿಯುರಿಥೇನ್ ಫೋಮಿನದಾದರೆ ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿಪುಡಿ ಆಗಿ ಉದುರುತ್ತದೆ, ಬಳಸಿದರೂ ಅಷ್ಟೇ, ಮುಚ್ಚಿಟ್ಟರೂ ಅಷ್ಟೇ. ಹಾಗಾಗಿಯೇ 1970ರ, 80ರ ದಶಕದ ಸ್ಪೀಕರ್‌ಗಳೆಲ್ಲ ಫೋಮ್ ಬದಲಾಯಿಸಲು ಬರುವುದು. ಬಟ್ಟೆಯ ಸರೌಂಡ್ ಇದ್ದರೆ ನಿಮ್ಮ ಪುಣ್ಯ, ಅದು ಇನ್ನೂ ಗಟ್ಟಿ ಇರುತ್ತದೆ. ಬಟ್ಟೆಯದನ್ನು ಕಿತ್ತು ಫೋಮ್ ಹಾಕಿಕೊಡುವವರಿದ್ದಾರೆ, ಅವರಿಂದ ದೂರ ಇರಿ.

ಹೊಸ ಫೋಮ್ ಅಂಟಿಸುವಾಗ ಕೋನ್ ಒಂದು ಕೂದಲೆಳೆಯಷ್ಟು ಆ ಕಡೆ ಈ ಕಡೆ ಕೂತರೆ ಕಥೆ ಮುಗಿಯಿತು. ಅಂಟು ಒಣಗಿದ ಮೇಲೆ ಕಾಯಿಲ್ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಹಳೇ ಮುಚ್ಚಿದ ಡಬ್ಬದ ಸ್ಪೀಕರ್‌ಗಳಲ್ಲಿ ಇದರ ಕಾಟ ಜಾಸ್ತಿ. 1954ರಲ್ಲಿ ಎಡ್ಗರ್ ವಿಲ್ಚರ್ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಎಆರ್-1 ತಂದಾಗ ಮಾಡಿದ ಕೆಲಸವೇ ಇದು: ಡಬ್ಬದ ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿ, ಕೋನ್ ಹಿಡಿದಿರುವ ಭಾಗಗಳನ್ನು ಬೇಕೆಂದೇ ಸಡಿಲ ಬಿಟ್ಟರು. ಅದರಿಂದ ಚಿಕ್ಕ ಡಬ್ಬದಲ್ಲಿ ಆಳವಾದ ಬೇಸ್ ಬಂತು. ಆ ದಾರಿ ಹಿಡಿದ ಸ್ಪೀಕರ್‌ಗಳಲ್ಲಿ ಸ್ಪೈಡರ್ ತುಂಬಾ ಮೆತ್ತಗೆ, ಅದೊಂದೇ ಕಾಯಿಲ್ ಅನ್ನು ನಡುವೆ ಎಳೆದು ಕೂರಿಸುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಫೋಮ್ ಸರಿಯಾಗಿ ಕೂರಲೇಬೇಕು.

ಇದನ್ನು ಕೈಯಲ್ಲೇ ಪರೀಕ್ಷೆ ಮಾಡಬಹುದು. ನೋಡಿ, ವೂಫರ್ ಅನ್ನು ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಡಿ. ಎರಡೂ ಕೈಯ ಬೆರಳ ತುದಿಗಳನ್ನು ಡಸ್ಟ್ ಕ್ಯಾಪ್ (ಕೋನಿನ ನಡುವಿನ ಮುಚ್ಚಳ) ಸುತ್ತ ಸಮನಾಗಿ ಹರಡಿ. ಕ್ಯಾಪ್ ಮೇಲೆ ಅಲ್ಲ, ಅದರ ಪಕ್ಕದಲ್ಲಿ, ಕೋನ್ ಮೇಲೆ. ಕಿವಿ ಹತ್ತಿರ ತಂದು ಎರಡು ಮೂರು ಮಿಲಿಮೀಟರ್ ಒತ್ತಿ, ಬಿಡಿ. ಏನೂ ಸದ್ದಿಲ್ಲದೆ ಹೋಗಿ ಬರಬೇಕು. ಕರ್ರ್ ಅಂದರೆ, ಈಗ ಒಂದು ಕಡೆಗೆ ಚೂರು ಜಾಸ್ತಿ ಭಾರ ಕೊಟ್ಟು ಒತ್ತಿ, ಆಮೇಲೆ ಎದುರು ಕಡೆಗೆ. ಹೀಗೆ ಸುತ್ತ ಬನ್ನಿ. ಯಾವುದೋ ಒಂದು ದಿಕ್ಕಿಗೆ ಭಾರ ಕೊಟ್ಟಾಗ ಸದ್ದು ಪೂರ್ತಿ ನಿಲ್ಲುತ್ತದೆ. ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಕೋನ್ ಯಾವ ಕಡೆಗೆ ವಾಲಿಕೊಂಡಿದೆ ಅನ್ನುವುದು ಆ ಗುರುತಿನಿಂದ ಗೊತ್ತಾಗುತ್ತದೆ.

ಇನ್ನು ಎಲ್ಲರೂ ಕಿತ್ತಾಡುವ ಪ್ರಶ್ನೆ. ಫೋಮ್ ಹಾಕುವಾಗ ಡಸ್ಟ್ ಕ್ಯಾಪ್ ಕತ್ತರಿಸಿ ಕಾಯಿಲ್ ಸುತ್ತ ಶಿಮ್ (ತೆಳು ಪಟ್ಟಿ) ಇಳಿಸಬೇಕೋ, ಅಥವಾ ಕ್ಯಾಪ್ ಮುಟ್ಟದೆ 30 ಹರ್ಟ್ಜ್ ಟೋನ್ ಹಾಕಿ, ಕಿವಿಯಿಂದ ಕೇಳುತ್ತಾ, ಅಂಟು ಒಣಗುವ ಮೊದಲು ಕೋನ್ ಸರಿಸಿ ಕೂರಿಸಬೇಕೋ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ಸಲ ಮಾಡುವವರು ಶಿಮ್ ಹಾಕಿ. ಪ್ಲಾಸ್ಟಿಕ್ ಹಾಳೆಯ ಪಟ್ಟಿಗಳನ್ನು ಸುತ್ತಲೂ ಸಮನಾಗಿ ಇಳಿಸಿದರೆ ಕಾಯಿಲ್ ಅಲುಗಾಡುವುದಿಲ್ಲ, ಊಹೆಗೆ ಜಾಗ ಇರುವುದಿಲ್ಲ. ಟೋನ್ ವಿಧಾನ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದು ಕಿವಿ ಪಳಗಿದವರಿಗೆ. "ಕ್ಯಾಪ್ ಕತ್ತರಿಸಿದರೆ ಒರಿಜಿನಲ್ ಹಾಳಾಯ್ತು" ಅನ್ನುವವರಿಗೆ ಒಂದೇ ಪ್ರಶ್ನೆ: ಉಜ್ಜಿ ಉಜ್ಜಿ ಕಾಯಿಲ್ ತಂತಿ ಸವೆದು ಹೋದರೆ ಒರಿಜಿನಲ್ ಉಳಿಯುತ್ತದಾ?

ಕ್ಯಾಪ್ ತೆಗೆದಿದ್ದೀರಿ ಅಂದ ಮೇಲೆ ಒಂದು ಎಚ್ಚರ. ಕಬ್ಬಿಣದ ಪುಡಿ ಇರುವ ಮೇಜಿನ ಹತ್ತಿರ ಕೂಡ ಹೋಗಬೇಡಿ. ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ, ಆಮೇಲೆ ಎಷ್ಟು ಊದಿದರೂ ಬಿಡುವುದಿಲ್ಲ. ಗಮ್ ಟೇಪಿನ ಅಂಚನ್ನು ಸಂದಿಗೆ ಇಳಿಸಿ ಅಂಟಿಸಿ ಅಂಟಿಸಿ ತೆಗೆಯಬೇಕು. ತಾಳ್ಮೆ ಬೇಕು.

ಆಗಲೇ ಅಂಟು ಒಣಗಿ, ಉಜ್ಜುತ್ತಿರುವ ವೂಫರ್ ನಿಮ್ಮ ಮುಂದೆ ಇದ್ದರೆ? ಎಲ್ಲ ಕಿತ್ತು ಹಾಕಬೇಡಿ. ಫೋಮ್ ಕೋನ್‌ಗೆ ಅಂಟಿರುವ ಒಳಗಿನ ಅಂಚನ್ನು ಮುಟ್ಟಬೇಡಿ. ಹೊರಗಿನ ಅಂಚು, ಅಂದರೆ ಕಬ್ಬಿಣದ ಚೌಕಟ್ಟಿಗೆ ಅಂಟಿರುವುದು, ಅದನ್ನು ಮಾತ್ರ ಬಿಡಿಸಿ. ನೀರಿನಲ್ಲಿ ತೊಳೆಯುವ ಜಾತಿಯ ಬಿಳಿ ಅಂಟಾದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಸ್ವಲ್ಪ ಹಚ್ಚಿದರೆ ಮೆತ್ತಗಾಗುತ್ತದೆ, ಹರಿಯದ ಹಾಗೆ ಎತ್ತಬಹುದು. ಪೆನ್ಸಿಲ್ ಗುರುತು ನೆನಪಿದೆಯಲ್ಲ, ಅದನ್ನು ನೋಡಿಕೊಂಡು ಕೋನ್ ಸರಿ ಮಾಡಿ ಮತ್ತೆ ಅಂಟಿಸಿ. ಯಾರಾದರೂ ಗಟ್ಟಿಯಾಗುವ ಎಪಾಕ್ಸಿಯೋ ಸೂಪರ್ ಗ್ಲೂವೋ ಹಾಕಿದ್ದರೆ ಹೊಸ ಫೋಮ್ ತನ್ನಿ, ಬೇರೆ ದಾರಿ ಇಲ್ಲ. ಫೋಮಿಗೆ ಸೂಪರ್ ಗ್ಲೂ ಹಾಕಿದವರ ಬಗ್ಗೆ ನಾನು ಮಾತಾಡುವುದಿಲ್ಲ, ವಿಡಿಯೊ ಉದ್ದ ಆಗುತ್ತದೆ.

ಇಲ್ಲಿ ಒಂದು ಮಜಾ ಇದೆ. ಮೇಜಿನ ಮೇಲೆ ಬೆಣ್ಣೆಯ ಹಾಗೆ ಆಡುತ್ತಿದ್ದ ವೂಫರ್, ಡಬ್ಬಕ್ಕೆ ಕೂರಿಸಿ ಸ್ಕ್ರೂ ಬಿಗಿ ಮಾಡಿದ ಕೂಡಲೇ ಕರಕರ ಶುರು. ದೆವ್ವ ಅಲ್ಲ. ತಗಡು ಒತ್ತಿ ಮಾಡಿದ ಚೌಕಟ್ಟು ತೆಳುವಾಗಿರುತ್ತದೆ, ಒಂದು ಕಡೆ ಸ್ಕ್ರೂ ಪೂರ್ತಿ ಎಳೆದು ಆಮೇಲೆ ಪಕ್ಕದ್ದಕ್ಕೆ ಹೋದರೆ ಅದು ತಿರುಚಿಕೊಳ್ಳುತ್ತದೆ, ಜೊತೆಗೆ ಕಾಯಿಲ್ ಸಂದಿಯೂ ವಾಲುತ್ತದೆ. ಎಲ್ಲ ಸ್ಕ್ರೂ ಮೊದಲು ಸುಮ್ನೆ ಹಿಡಿಸಿ, ಆಮೇಲೆ ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಗ್ಯಾಸ್ಕೆಟ್ ಚೂರು ಅದುಮಿದರೆ ಸಾಕು. ಪವರ್ ಡ್ರಿಲ್ ದೂರ ಇಡಿ. ದಶಕಗಟ್ಟಲೆ ನಿಂತೇ ಇದ್ದ ಸ್ಪೀಕರ್‌ನಲ್ಲಿ ಕೋನಿನ ಭಾರಕ್ಕೆ ಸ್ಪೈಡರ್ ಕೆಳಗೆ ಜಗ್ಗಿರುತ್ತದೆ, ಅಂಥ ವೂಫರ್ ಅನ್ನು ಮೇಲಿನ ಅಂಚು ಕೆಳಗೆ ಬರುವ ಹಾಗೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ಉಜ್ಜುವುದು ನಿಂತುಹೋಗುತ್ತದೆ. ಖರ್ಚಿಲ್ಲದ ಉಪಾಯ, ಮೊದಲು ಇದನ್ನೇ ಮಾಡಿ ನೋಡಿ.

ಇನ್ನೊಬ್ಬ ಕಳ್ಳನನ್ನು ಹತ್ತಿರದಿಂದ ತೋರಿಸುತ್ತೇನೆ. ಕ್ಯಾಮೆರಾ ಇಲ್ಲಿ ಬರಲಿ. ಟರ್ಮಿನಲ್‌ನಿಂದ ಕೋನ್ ಕಡೆಗೆ ಹೋಗುವ ಈ ಎರಡು ಜಡೆ ಹೆಣೆದಂಥ ವೈರು ಕಾಣುತ್ತಿದೆಯಾ? ಕೋನ್ ಜೊತೆ ಇವೂ ಕುಣಿಯಬೇಕು. ಈಗ 40 ಹರ್ಟ್ಜ್ ಹಾಕಿದ್ದೇನೆ. ಬಲಗಡೆಯ ವೈರ್ ಗಾಳಿಯಲ್ಲಿ ಆರಾಮಾಗಿ ಬಾಗುತ್ತಿದೆ. ಎಡಗಡೆಯದು ಕೋನಿನ ಹಿಂಬದಿಗೆ ಟಕಟಕ ಹೊಡೆಯುತ್ತಿದೆ, ಹೊಡೆದ ಜಾಗದಲ್ಲಿ ಕಾಗದದ ಮೇಲೆ ಸಣ್ಣ ಹೊಳೆಯುವ ಗೀಟು ಬಿದ್ದಿದೆ. ರಿಪೇರಿಯಲ್ಲಿ ಬೆಸುಗೆ ಮತ್ತೆ ಹಾಕುವಾಗ ವೈರಿನ ಬಾಗು ಬದಲಾಗಿದೆ, ಅಷ್ಟೇ. ಕಡ್ಡಿಯಿಂದ ಮೆಲ್ಲಗೆ ಹೊರಗೆ ಬಾಗಿಸಿದೆ, ನೋಡಿ, ಸದ್ದು ಹೋಯಿತು. ಬಿಗಿಯಾಗಿ ಎಳೆದು ಮಾತ್ರ ಕಟ್ಟಬೇಡಿ, ಕೋನ್ ಮುಂದೆ ಹೋದಾಗ ವೈರ್ ಕಿತ್ತು ಬರುತ್ತದೆ. ಇಷ್ಟು ಚಿಕ್ಕ ವಿಷಯಕ್ಕೆ "ಕಾಯಿಲ್ ಹೋಗಿದೆ, ಹೊಸ ವೂಫರ್ ಹಾಕಿ" ಅಂತ ಹೇಳಿಸಿಕೊಂಡವರಿದ್ದಾರೆ.

ಡಸ್ಟ್ ಕ್ಯಾಪ್ ಬಗ್ಗೆ ಬೇಗ ಹೇಳುತ್ತೇನೆ. ಮತ್ತೆ ಅಂಟಿಸುವಾಗ ಸುತ್ತ ಎಲ್ಲೋ ಒಂದು ಬೆರಳಗಲ ಅಂಟು ಹಿಡಿದಿರದಿದ್ದರೆ ಅದು ಜುಂಯ್ ಅನ್ನುತ್ತದೆ. ಅಂಚನ್ನು ಒತ್ತಿ ನೋಡಿದರೆ ಗೊತ್ತಾಗುತ್ತದೆ. ಮೊದಲು ಗಾಳಿಯಾಡುವ ಬಟ್ಟೆಯ ಕ್ಯಾಪ್ ಇದ್ದ ಕಡೆ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ ಹಾಕಿದ್ದರೆ, ಒಳಗಿನ ಗಾಳಿ ಹೋಗಲು ದಾರಿ ಸಿಗದೆ ಸಂದಿಯಿಂದ ಫುಸ್ ಫುಸ್ ಅನ್ನಬಹುದು. ಇದ್ದಂಥದ್ದನ್ನೇ ಹಾಕಿ.

ಎಲ್ಪಿ ಕೇಳುವವರು ಇದನ್ನು ಗಮನಿಸಿ. ಫೋನಿನಿಂದ ಹಾಕಿದರೆ ಸದ್ದಿಲ್ಲ, ರೆಕಾರ್ಡ್ ಹಾಕಿದರೆ ಮಾತ್ರ ಲಟಲಟ. ಗ್ರಿಲ್ ತೆಗೆದು ನೋಡಿ, ಕೋನ್ ಹಾಡಿಗೆ ಸಂಬಂಧವೇ ಇಲ್ಲದ ಹಾಗೆ ನಿಧಾನಕ್ಕೆ ಮುಂದೆ ಹಿಂದೆ ಉಯ್ಯಾಲೆ ಆಡುತ್ತಿರುತ್ತದೆ. ಸೊಟ್ಟ ರೆಕಾರ್ಡಿನಿಂದ ಬರುವ, ಕಿವಿಗೇ ಕೇಳಿಸದ ತಗ್ಗಿನ ಅಲುಗಾಟ ಅದು. ಹಿಂದೆಯೋ ಮುಂದೆಯೋ ತೂತು ಇರುವ ಡಬ್ಬಗಳಲ್ಲಿ ಅಷ್ಟು ತಗ್ಗಿನಲ್ಲಿ ಕೋನ್ ತಡೆಯಲು ಗಾಳಿಯ ಆಸರೆ ಇರುವುದಿಲ್ಲ, ಹೊಸ ಫೋಮೂ ಮೆತ್ತಗಿದ್ದರೆ ಕೇಳುವುದೇ ಬೇಡ. ಆಂಪ್ಲಿಫೈಯರ್‌ನಲ್ಲಿ ಆ ಅಲುಗಾಟ ತಡೆಯುವ ಸಬ್‌ಸೋನಿಕ್ ಫಿಲ್ಟರ್ ಗುಂಡಿ ಇದ್ದರೆ ಒತ್ತಿ. ಎಷ್ಟೋ ಜನ ಅದನ್ನು ಮುಟ್ಟೇ ಇಲ್ಲ, ಅಲ್ವಾ?

ಹಾಗಾದರೆ ಎಲ್ಲ ಸದ್ದೂ ಸರಿಹೋಗುತ್ತದಾ? ಇಲ್ಲ. ಸಾಗಿಸುವಾಗ ಸ್ಪೀಕರ್ ಜೋರಾಗಿ ಬಿದ್ದು ಮ್ಯಾಗ್ನೆಟ್ ಅಂಟು ಬಿಟ್ಟು ಜರುಗಿದ್ದರೆ ಕೋನ್ ಒಂದಿಷ್ಟೂ ಅಲುಗದೆ ಕಚ್ಚಿಕೊಂಡಿರುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹಿಂದೆ ಯಾರೋ ಜೋರಾಗಿ ಓಡಿಸಿ ಕಾಯಿಲ್ ಸುಟ್ಟು ಉಬ್ಬಿದ್ದರೆ ಎಷ್ಟು ಸರಿಯಾಗಿ ನಡುವೆ ಕೂರಿಸಿದರೂ ಉಜ್ಜುತ್ತದೆ, ಅಲ್ಲಿ ಕೋನ್ ಕಾಯಿಲ್ ಎರಡೂ ಹೊಸದು ಹಾಕುವುದು ಬಿಟ್ಟು ದಾರಿ ಇಲ್ಲ. ಆಗಲೂ ಅಳತೆ ಸರಿಹೋಯಿತು ಅಂತ ಸಿಕ್ಕಿದ ವೂಫರ್ ತಂದು ತೂರಿಸಬೇಡಿ. ಡಬ್ಬ, ಕ್ರಾಸ್‌ಓವರ್, ವೂಫರ್ ಮೂರನ್ನೂ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಅದೇ ಮಾಡೆಲಿನ ಇನ್ನೊಂದು ಹಾಳಾದ ಸ್ಪೀಕರ್ ಹುಡುಕಿ ಅದರ ವೂಫರ್ ತೆಗೆದುಕೊಳ್ಳುವುದು ವಾಸಿ. ರಿಪೇರಿಗೆ ಕೊಡುವುದಾದರೆ ಕೊಡುವ ಮೊದಲೇ ಟೋನ್ ಹಾಕಿ ಒಂದು ವಿಡಿಯೊ ಮಾಡಿ ಇಟ್ಟುಕೊಳ್ಳಿ, ವಾಪಸ್ ಪಡೆಯುವಾಗ ಅಲ್ಲೇ ನಿಂತು ಅದೇ ಟೋನ್ ಹಾಕಿಸಿ. ಕರಕರ ಅಂದರೆ ದುಡ್ಡು ಕೊಡುವ ಮೊದಲೇ ಮಾತಾಡಿ.