ಕ್ಲಬ್‌ಮಾಸ್ ಗಿಡ, ಹಣ್ಣು ಬಾವಲಿ: ನನ್ನ ವೋಟು ಯಾರಿಗೆ?

ಇದು ಕ್ಲಬ್‌ಮಾಸ್, ಹೂ ಬಿಡದ ಪುಟ್ಟ ಗಿಡ; ವೈಜ್ಞಾನಿಕ ಹೆಸರು ಲೈಕೋಪೋಡಿಯಂ ಕ್ಲಾವೇಟಮ್. ಪಕ್ಕದ ಶಾಟ್‌ನಲ್ಲಿ ತಲೆಕೆಳಗಾಗಿ ನೇತಾಡುತ್ತಿರುವುದು ದೊಡ್ಡ ಹಣ್ಣು ಬಾವಲಿ, ಟೆರೋಪಸ್ ಮೀಡಿಯಸ್. ಎತ್ತಣಿಂದೆತ್ತ ಸಂಬಂಧ ಅನ್ನಿಸುತ್ತದೆ, ಅಲ್ವಾ? ಎರಡೂ ಮುಂದಿನ ಪೀಳಿಗೆಯನ್ನು ಗಾಳಿಯಲ್ಲಿ ಸಾಗಿಸುತ್ತವೆ. ರೀತಿ ಮಾತ್ರ ಪೂರ್ತಿ ಉಲ್ಟಾ. ಯಾರ ರೀತಿ ಮೇಲು ಅಂತ ವೋಟು ಹಾಕೋಣ.

ಈ ಹಳದಿ ಪುಡಿ ಇದೆಯಲ್ಲ, ಅದಷ್ಟೂ ಕ್ಲಬ್‌ಮಾಸ್‌ನ ಬೀಜಾಣು, ಅಂದರೆ ಬೀಜದ ಬದಲು ಹೊಸ ಪೀಳಿಗೆ ಹುಟ್ಟಿಸುವ ಸಣ್ಣ ಕಣ. ಒಂದೊಂದೂ ಸುಮಾರು 30 ಮೈಕ್ರಾನ್, ಅಂದರೆ 0.03 ಮಿಲಿಮೀಟರ್. ತಟ್ಟೆಗೆ ಸುರಿಯುತ್ತಿದ್ದ ಹಾಗೇ ಕಿಟಕಿಯಿಂದ ಗಾಳಿ ಬೀಸಿತು. ನೋಡಿ, ಅರ್ಧ ಪುಡಿ ಎದ್ದೇ ಹೋಯಿತು! ಮೇಜು, ಬಟ್ಟೆ, ಲೆನ್ಸಿನ ರಿಂಗು, ಮೈಕಿನ ಜಾಲರಿ, ಎಲ್ಲಿಯೂ ಬಿಟ್ಟಿಲ್ಲ. ಅಕ್ಕಪಕ್ಕ ಏನೂ ಉರಿಯುತ್ತಿಲ್ಲ ತಾನೆ ಅಂತ ಮೊದಲು ನೋಡಿಕೊಂಡೆ. ಗಾಳಿಯಲ್ಲಿ ಹರಡಿದ ಈ ಪುಡಿಗೆ ಬೆಂಕಿ ತಗುಲಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸೋಣ ಅಂದರೆ ಇದಕ್ಕೆ ನೀರು ಹತ್ತುವುದೇ ಇಲ್ಲ. ಲೋಟದ ನೀರಿನ ಮೇಲೆ ಪುಡಿ ಉದುರಿಸಿ ಬೆರಳು ಅದ್ದಿದ್ದೇನೆ, ನೋಡಿ. ಹೊರಗೆ ತೆಗೆದರೆ ಬೆರಳು ಒಣಗಿಯೇ ಇದೆ! ನೋಡಲು ಚೆನ್ನ, ಆದರೆ ಒಣ ಬ್ರಷ್ ಹಿಡಿದು ಮೈಕಿನ ಒಂದೊಂದು ಸಂದಿಯನ್ನೂ ಗುಡಿಸುವುದು ವಿಪರೀತ ಕಿರಿಕಿರಿ.

ಅಂದ ಹಾಗೆ, 1807ರಲ್ಲಿ ಫ್ರಾನ್ಸಿನ ನಿಯೆಪ್ಸ್ ಸಹೋದರರು ಇದೇ ಪುಡಿಯನ್ನು ಎಂಜಿನ್ನಿನಲ್ಲಿ ಸಿಡಿಸಿ ಸೋನ್ ನದಿಯಲ್ಲಿ ದೋಣಿ ಓಡಿಸಿದ್ದರು. ಆಮೇಲೆ ಫೋಟೋ ತೆಗೆಯುವ ವಿದ್ಯೆ ಕಂಡುಹಿಡಿದ ನಿಯೆಪ್ಸ್ ಅವರಲ್ಲೇ ಒಬ್ಬರು. ಅಯ್ಯೋ, ಬಾವಲಿಗಳು ಎದ್ದೇಬಿಟ್ಟವು!

ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಜಾಸ್ತಿ. ಹುಳ ಹಿಡಿಯುವ ಸಣ್ಣ ಬಾವಲಿಗಳ ಹಾಗೆ ಪ್ರತಿಧ್ವನಿ ಕೇಳಿಕೊಂಡು ಇದು ಹಾರುವುದಿಲ್ಲ, ಕಣ್ಣು ಮೂಗನ್ನೇ ನಂಬಿದೆ. ಇದರ ಹೊಟ್ಟೆ ನೋಡಿ, ಅವುಚಿಕೊಂಡಿರುವುದು ಮರಿ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ. ಮೊದಲ ಕೆಲವು ವಾರ ತಾಯಿ ಅದನ್ನು ಹೊತ್ತುಕೊಂಡೇ ಹಾರುತ್ತದೆ. ನನ್ನ ವೋಟು ಬಾವಲಿಗೆ. ಕ್ಲಬ್‌ಮಾಸ್ ಸುಮ್ನೆ ರಾಶಿ ಬೀಜಾಣು ಚೆಲ್ಲಿ ಕೈತೊಳೆದುಕೊಳ್ಳುತ್ತದೆ.

ಇಲ್ಲ, ಅದು ಅನ್ಯಾಯದ ಮಾತು. ಆ ಬೀಜಾಣು ಮೊಳೆತು, ಮಣ್ಣಿನೊಳಗೆ ಬೆಳಕೇ ಕಾಣದೆ, ಶಿಲೀಂಧ್ರ ಕೊಟ್ಟಿದ್ದನ್ನು ತಿಂದು ವರ್ಷಗಟ್ಟಲೆ ಬದುಕುತ್ತದೆ. ಹಸಿರು ಗಿಡ ಮೇಲೆ ಬರುವುದು ಆಮೇಲೆ. ಈ ವಂಶ ಸುಮಾರು 40 ಕೋಟಿ ವರ್ಷ ಹಳೆಯದು. ನಮಗೆ ಸಿಕ್ಕಿರುವ ಅತಿ ಹಳೆಯ ಬಾವಲಿ ಪಳೆಯುಳಿಕೆ 5 ಕೋಟಿ ವರ್ಷದ ಆಸುಪಾಸಿನದು. ವೋಟು ವಾಪಸ್, ಕ್ಲಬ್‌ಮಾಸ್‌ಗೇ.

ಆದರೆ ಇಲ್ಲಿ ನೋಡಿ, ಅತ್ತಿಹಣ್ಣು ಜಗಿಯಿತು, ರಸ ನುಂಗಿತು, ಚರಟ ಉಗುಳಿತು. ನುಂಗಿದ ಸಣ್ಣ ಬೀಜಗಳು ದೂರದಲ್ಲೆಲ್ಲೋ ಹಿಕ್ಕೆಯ ಜೊತೆ ಬೀಳುತ್ತವೆ. ತನ್ನ ಮರಿಯನ್ನಲ್ಲದೆ ಮರದ ಮಕ್ಕಳನ್ನೂ ಹೊರುತ್ತದೆ! ಇವು ಮಲಗುವ ಮರಕ್ಕೆ ಕಲ್ಲು ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಾವಲಿ ಕಚ್ಚಿದ ಹಣ್ಣು ಮಾತ್ರ ತಿನ್ನಬೇಡಿ, ನಿಪಾ ವೈರಸ್ ಇರಬಹುದು. ಬೆಳಕು ಹೋಯಿತು, ಶಾಟ್ ಇಷ್ಟೇ.