ಕುದಿಯುವ ನೀರಿನ ಜೀವಿಗಳು: ಯಾರು ಯಾವ ಕುಲ?

ಈ ಬಾಟಲಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ದ್ರವ ತೆಳು ಗುಲಾಬಿ ಇದೆ ಅಲ್ವಾ? ಒಳಗೆ ಇನ್ನೂ ಆಕ್ಸಿಜನ್ ಇದೆ ಅಂತ ಅರ್ಥ. ಆಗಲೇ ನೈಟ್ರೋಜನ್ ಹಾಯಿಸಿ ಆಗಿದೆ, ಈಗ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ ಒಂಚೂರು ಸೋಡಿಯಂ ಸಲ್ಫೈಡ್ ಬಿಡುತ್ತಿದ್ದೇನೆ... ನೋಡ್ತಾ ಇರಿ. ಬಣ್ಣ ಹೋಯಿತು. ರೆಸಾಜುರಿನ್ ಅನ್ನೋ ಬಣ್ಣದ ಕೆಲಸ ಇದು, ಮತ್ತು ಇದನ್ನು ನೋಡೋದು ನನಗೆ ಯಾವತ್ತೂ ಬೇಜಾರಾಗಿಲ್ಲ.

ಇದು ಆಕ್ಸಿಜನ್ ಇದ್ದರೆ ಬೆಳೆಯದ ಪೈರೊಕಾಕಸ್ ಫ್ಯೂರಿಯೋಸಸ್ ಅನ್ನೋ ಸೂಕ್ಷ್ಮಜೀವಿಗಾಗಿ. ಇಟಲಿಯ ವಲ್ಕಾನೋ ದ್ವೀಪದ ತೀರದ ಬಿಸಿ ಕೆಸರಲ್ಲಿ ಸಿಕ್ಕ ಜೀವಿ, 1986ರಲ್ಲಿ ಇದಕ್ಕೆ ಹೆಸರಿಟ್ಟರು. 100 ಡಿಗ್ರಿಯಲ್ಲಿ 37 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಇಂಥವನ್ನು ತಟ್ಟೆಯಲ್ಲಿ ಬೆಳೆಸೋಣ ಅಂದರೆ ಅದರೊಳಗಿನ ಜೆಲ್ಲಿ, ಅಂದರೆ ಅಗರ್, ಕರಗಿಬಿಡುತ್ತದೆ, ಅದಕ್ಕೆ ಬಿಸಿ ತಡೆಯೋ ಗೆಲ್ಲನ್ ಗಮ್ ಬಳಸುತ್ತಾರೆ.

ಆಳ ಸಮುದ್ರದಲ್ಲಂತೂ ಇನ್ನೂ ಜಾಸ್ತಿ ಬಿಸಿ. ಅಲ್ಲಿನ ಒತ್ತಡಕ್ಕೆ ನೀರು 300 ಡಿಗ್ರಿ ದಾಟಿದರೂ ಕುದಿಯೋದಿಲ್ಲ. 1977ರಲ್ಲಿ ಗ್ಯಾಲಪಗೋಸ್ ಹತ್ತಿರ, ಸುಮಾರು 2,500 ಮೀಟರ್ ಕೆಳಗೆ ಮೊದಲ ಬಿಸಿನೀರ ಬುಗ್ಗೆಗಳನ್ನು ಕಂಡಾಗಿನಿಂದ ಹುಡುಕಾಟ ನಿಂತೇ ಇಲ್ಲ. ಹಿಂದೂ ಮಹಾಸಾಗರದ ತಳದಿಂದ ತಂದ ಮೆಥನೊಪೈರಸ್ ಅನ್ನೋ ಸೂಕ್ಷ್ಮಜೀವಿಯ ಒಂದು ತಳಿ 122 ಡಿಗ್ರಿಯಲ್ಲೂ ಬೆಳೆಯಿತು ಅಂತ 2008ರಲ್ಲಿ ವರದಿಯಾಯಿತು. ಲ್ಯಾಬ್‌ನಲ್ಲಿ ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಲ್ಲೋಕೆ ನಾವು ಆಟೋಕ್ಲೇವ್‌ಗೆ ಇಡೋದು 121 ಡಿಗ್ರಿ!

ಸಿಕ್ಕಿತು, ಸರಿ. ಆದರೆ ಅದು ಯಾವ ಕುಲದ್ದು ಅಂತ ಹೇಳೋದು ಹೇಗೆ? ಮೈಕ್ರೋಸ್ಕೋಪ್‌ನಲ್ಲಿ ಎಷ್ಟೋ ಜೀವಿಗಳು ಬರೀ ಗುಂಡು ಚುಕ್ಕೆಗಳು. ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್ ಜೀವಕೋಶದಲ್ಲಿ ಪ್ರೋಟೀನ್ ತಯಾರಿಸೋ ರೈಬೋಸೋಮ್‌ನ ಆರ್‌ಎನ್‌ಎ ಹೋಲಿಸಿ, 1977ರಲ್ಲಿ ಆರ್ಕಿಯಾ (ಪೈರೊಕಾಕಸ್‌ನಂಥವು ಸೇರುವ ಏಕಕೋಶ ಜೀವಿಗಳ ಗುಂಪು) ಬ್ಯಾಕ್ಟೀರಿಯಾದಿಂದ ಬೇರೆ ಅಂತ ತೋರಿಸಿದರು. ಇವತ್ತಿಗೂ ಆ ಆರ್‌ಎನ್‌ಎಯ ಒಂದು ತುಣುಕಿನ ಜೀನ್, ಅಂದರೆ 16ಎಸ್ ಜೀನ್, ಓದೋದೇ ಮೊದಲ ಹೆಜ್ಜೆ, ಆಮೇಲೆ ಇಡೀ ಜೀನೋಮ್ ಹೋಲಿಸುತ್ತಾರೆ, ಸುಮಾರು 95 ಪರ್ಸೆಂಟ್‌ಗಿಂತ ಕಡಿಮೆ ಹೋಲಿದರೆ ಸಾಮಾನ್ಯವಾಗಿ ಬೇರೆ ಪ್ರಭೇದ.

ಆದರೆ ಈ ಜೀನ್ ಹಿಡಿಯೋ ಪ್ರೈಮರ್‌ಗಳು, ಅಂದರೆ ಪುಟ್ಟ ಡಿಎನ್‌ಎ ತುಣುಕುಗಳೂ ಒಂಥರಾ ಬಲೆ, ಬಲೆಯ ತೂತಿನ ಅಳತೆಗೆ ಹೊಂದದ ಮೀನು ಹಾಗೇ ತಪ್ಪಿಸಿಕೊಳ್ಳುತ್ತದೆ. ಐಸ್‌ಲ್ಯಾಂಡ್‌ನ ಉತ್ತರದ ಸಮುದ್ರದಿಂದ ತಂದ ಮಾದರಿಯಲ್ಲಿ ಇಗ್ನಿಕಾಕಸ್ ಅನ್ನೋ ಆರ್ಕಿಯಾ ಬೆಳೆಯುತ್ತಿತ್ತು. ಜರ್ಮನಿಯ ವಿಜ್ಞಾನಿ ಕಾರ್ಲ್ ಸ್ಟೆಟ್ಟರ್ ತಂಡದವರು ನೋಡಿದರೆ ಅದರ ಮೈಗೆ ಪುಟ್ಟ ಪುಟ್ಟ ಗುಂಡುಗಳು ಅಂಟಿವೆ, ಒಂದೊಂದೂ ಸುಮಾರು 400 ನ್ಯಾನೋಮೀಟರ್ ಅಷ್ಟೇ. ಮಾಮೂಲಿ ಪ್ರೈಮರ್‌ಗಳಿಗೆ ಅವುಗಳ 16ಎಸ್ ಜೀನ್ ಸಿಕ್ಕಲೇ ಇಲ್ಲ. ಪ್ರೈಮರ್ ಬಳಸಿ ಜೀನ್‌ನ ನಕಲು ಹೆಚ್ಚಿಸೋ ಪಿಸಿಆರ್ ಒಂದನ್ನೇ ನಂಬಿಕೊಂಡಿದ್ದರೆ ಅಲ್ಲಿ ಇಗ್ನಿಕಾಕಸ್ ಒಂದೇ ಇದೆ ಅಂತ ಬರೆದು ಮುಗಿಸಬಹುದಿತ್ತು! 2002ರಲ್ಲಿ ಆ ಪುಟ್ಟ ಗುಂಡು ಜೀವಿಗೆ ನ್ಯಾನೊಆರ್ಕಿಯಂ ಇಕ್ವಿಟಾನ್ಸ್ ಅಂತ ಹೆಸರಿಟ್ಟು, ಹೊಸ ಫೈಲಮ್ (ಕುಲಕ್ಕಿಂತ ಬಹಳ ದೊಡ್ಡ ವರ್ಗ) ಅಂತ ಸೂಚಿಸಿದರು. ಅದರ ಜೀನೋಮ್ ಐದು ಲಕ್ಷ ಡಿಎನ್‌ಎ ಅಕ್ಷರವೂ ಇಲ್ಲ, ಕೊಬ್ಬಿನಂಥದ್ದನ್ನೂ ತಾನೇ ತಯಾರಿಸಿಕೊಳ್ಳದೆ ಇಗ್ನಿಕಾಕಸ್‌ನಿಂದಲೇ ಪಡೆಯುತ್ತದೆ. ಇದು ನಿಜಕ್ಕೂ ಪ್ರಾಚೀನ ಕವಲೋ, ಅಥವಾ ವೇಗವಾಗಿ ಬದಲಾಗಿ ಹಳೆಯದರಂತೆ ಕಾಣುತ್ತಿದೆಯೋ ಅನ್ನೋ ಚರ್ಚೆ ಆಮೇಲೂ ನಡೆಯಿತು. ನನ್ನ ಮಟ್ಟಿಗೆ ಹೇಳೋದಾದರೆ, ಸೀಕ್ವೆನ್ಸ್‌ಗೆ ಕಳಿಸೋ ಮುಂಚೆ ಪ್ರತಿ ಮಾದರಿಯನ್ನೂ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಲೇಬೇಕು, ಎಷ್ಟೇ ಅವಸರ ಇದ್ದರೂ.