ದನಿ ನ್ಯಾನ್ಸಿಯದು, ದುಡ್ಡು ಯಾರದು?

ಕೇಳುಗರಿಗೆ ನಮಸ್ಕಾರ.

ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತದಲ್ಲಿ ಮೊದಮೊದಲು ಗಟ್ಟಿಯಾಗಿ ಕೇಳಿಸಿದ ಹೆಣ್ಣುದನಿಗಳಲ್ಲಿ ಸಿಸ್ಟರ್ ನ್ಯಾನ್ಸಿಯದೂ ಒಂದು. ನಿಜವಾದ ಹೆಸರು ಆಫ್ಲಿನ್ ರಸೆಲ್. 1962ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದರು. ಹದಿನೈದು ಮಕ್ಕಳಿದ್ದ ಮನೆ. ಅಣ್ಣ ಬ್ರಿಗೇಡಿಯರ್ ಜೆರ್ರಿ ಎಂಬ ವೇದಿಕೆಯ ಹೆಸರಲ್ಲಿ ಆಗಲೇ ಮೈಕ್ ಹಿಡಿದಿದ್ದರು, ತಂಗಿಯೂ ಹದಿಹರೆಯದಲ್ಲೇ ಅದೇ ದಾರಿ ಹಿಡಿದರು.

ಡ್ಯಾನ್ಸ್‌ಹಾಲ್‌ಗೆ ಕಟ್ಟಡವೇ ಬೇಕೆಂದಿಲ್ಲ. ಬಯಲಲ್ಲಿ ಆಳೆತ್ತರಕ್ಕೆ ಸ್ಪೀಕರ್ ಪೆಟ್ಟಿಗೆ ಪೇರಿಸಿದರೆ ಸಾಕು. ರೆಕಾರ್ಡ್ ಹಾಕುವವನು ಸೆಲೆಕ್ಟರ್, ತಾಳಕ್ಕೆ ಮಾತು ಹೆಣೆಯುವವರು ಡಿಜೆ. ನಮ್ಮ ಮೆರವಣಿಗೆಯ ಡಿಜೆ ಬೇರೆ ಬಿಡಿ. ಏಳಿಂಚಿನ 45 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಾಡಿರುತ್ತದೆ. ಇನ್ನೊಂದರಲ್ಲಿ ಗಾಯಕರ ದನಿ ತೆಗೆದು ಬಾಸ್, ಡ್ರಮ್ ಉಳಿಸಿದ ‘ವರ್ಶನ್’. ಸೆಲೆಕ್ಟರ್ ತಟ್ಟೆ ಮಗುಚಿದ ಕೂಡಲೇ ಡಿಜೆ ಶುರು ಮಾಡಬೇಕು. ಹಿಂದೆ ಮರೆಮಾಚಲು ಬೇರೆ ವಾದ್ಯ ಹೆಚ್ಚೇನೂ ಇರುವುದಿಲ್ಲ, ಅರ್ಧ ಮಾತ್ರೆ ಎಡವಿದರೂ ಬಯಲಾಗುತ್ತದೆ. ಜನ ಮೆಚ್ಚಿ ಕೂಗಿದರೆ ಮುಳ್ಳೆತ್ತಿ ಮೊದಲಿಂದ ಹಾಕುತ್ತಾರೆ.

1982ರಲ್ಲಿ ನ್ಯಾನ್ಸಿಯವರ ‘ಒನ್ ಟೂ’ ಆಲ್ಬಂ ಬಂತು. ನಿರ್ಮಾಪಕರು ವಿನ್‌ಸ್ಟನ್ ರೈಲಿ. ಒಂದು ಹಾಡು ಕಡಿಮೆ ಬಿತ್ತೆಂದು, ಬರೆದುಕೊಳ್ಳದೆ ಆ ಕ್ಷಣಕ್ಕೆ ಬಂದದ್ದನ್ನೇ ಹಾಡಿದರು. ಅದೇ ‘ಬ್ಯಾಮ್ ಬ್ಯಾಮ್’. ಕೆಳಗೆ ಓಡುವುದು ‘ಸ್ಟಾಲಾಗ್’ ರಿದಮ್, ಅಂದರೆ ಬಾಸ್-ಡ್ರಮ್‌ನ ಹಿನ್ನೆಲೆ; ಅದು 1973ರಲ್ಲಿ ಅದೇ ರೈಲಿಯವರಿಗಾಗಿ ಆನ್ಸೆಲ್ ಕಾಲಿನ್ಸ್ ನುಡಿಸಿದ್ದು. ಪಲ್ಲವಿಯ ಬೇರು ಇನ್ನೂ ಹಿಂದಿನದು, 1966ರ ಮೇಟಲ್ಸ್ ತಂಡದ ಹಾಡಿನಲ್ಲಿದೆ.

ಗಂಟು ಬಿದ್ದದ್ದು ಇಲ್ಲೇ. ರಿದಮ್ ಒಬ್ಬರದು, ಪಲ್ಲವಿ ಮತ್ತೊಬ್ಬರದು, ಟೇಪು ನಿರ್ಮಾಪಕರ ಕೈಯಲ್ಲಿ. ಆ ದಿನಗಳಲ್ಲಿ ಡಿಜೆಗೆ ಕೈಗಿಷ್ಟು ಕೊಟ್ಟರೆ ಲೆಕ್ಕ ಚುಕ್ತಾ ಎಂಬುದೇ ರೂಢಿ. ಜಮೈಕಾದಲ್ಲಿ ಹೊಸ ಕೃತಿಸ್ವಾಮ್ಯ ಕಾಯ್ದೆ ಬಂದದ್ದೇ 1993ರಲ್ಲಿ, ಅಲ್ಲಿಯವರೆಗೆ ಬ್ರಿಟಿಷರ 1911ರ ಕಾಯ್ದೆಯೇ ಗತಿ. ಹಳೆಯ ಹಾಡಿನ ತುಣುಕನ್ನು ಹೊಸದರಲ್ಲಿ ಬಳಸಲು ಎರಡು ಒಪ್ಪಿಗೆ ಬೇಕು: ಧ್ವನಿಮುದ್ರಣದ ಹಕ್ಕುದಾರರದು, ರಚನೆಯ ಹಕ್ಕುದಾರರದು. ಎರಡೂ ಕಡೆ ಹೆಸರಿಲ್ಲದಿದ್ದರೆ, ದನಿ ನಿಮ್ಮದೇ ಆದರೂ ಚೆಕ್ಕು ನಿಮ್ಮ ಮನೆಗೆ ಬರುವುದಿಲ್ಲ.

ನ್ಯಾನ್ಸಿ 1996ರಲ್ಲಿ ಅಮೆರಿಕದ ನ್ಯೂಜರ್ಸಿಗೆ ಹೋಗಿ ಬ್ಯಾಂಕಿನಲ್ಲಿ ಲೆಕ್ಕ ನೋಡುವ ಕೆಲಸಕ್ಕೆ ಸೇರಿದರು. ಅತ್ತ ಹಾಡು 1998ರಲ್ಲಿ ಸಿನಿಮಾ ಸೇರಿತು, ಅದೇ ವರ್ಷ ಅಮೆರಿಕದ ಗಾಯಕಿ ಲಾರಿನ್ ಹಿಲ್ ತಮ್ಮ ಹಾಡಿಗೆ ಅದರ ಎಳೆ ಎತ್ತಿಕೊಂಡರು. ಇಡೀ ದಿನ ಬೇರೆಯವರ ಲೆಕ್ಕ ಸರಿತೂಗಿಸುವವರ ಸ್ವಂತ ಖಾತೆಗೆ ಮಾತ್ರ ಏನೂ ಜಮೆಯಾಗಲಿಲ್ಲ.

2014ರಲ್ಲಿ ಶೂ ಕಂಪನಿಯೊಂದರ ಟಿವಿ ಜಾಹೀರಾತಿನಲ್ಲಿ ತಮ್ಮದೇ ದನಿ ಕೇಳಿದ ಮೇಲೆ ವಕೀಲರನ್ನು ಹಿಡಿದರು. ಹಿಂದಿನ ಬಾಕಿಯಲ್ಲಿ ಒಂದು ಪಾಲು, ಆಲ್ಬಂ ಹಕ್ಕಿನಲ್ಲಿ ಅರ್ಧ ದಕ್ಕಿತು. ಮೂವತ್ತೆರಡು ವರ್ಷ ತಡವಾಗಿ ಸಿಕ್ಕ ಅರ್ಧವನ್ನು ನ್ಯಾಯ ಎನ್ನಲು ನಾಲಿಗೆ ಹೊರಳದು. ಆದರೂ ಅದರಿಂದ ಬ್ಯಾಂಕಿನ ನೌಕರಿ ಬಿಡುವಂತಾಯಿತು, ಮತ್ತೆ ಮೈಕ್ ಹಿಡಿದರು. 2016ರಲ್ಲಿ ಅಮೆರಿಕದ ರ‍್ಯಾಪರ್ ಕಾನ್ಯೆ ವೆಸ್ಟ್ ಆ ಹಾಡಿನ ತುಣುಕನ್ನು ಬಳಸಿದರು. 2017ರಲ್ಲಿ ಇನ್ನೊಬ್ಬ ರ‍್ಯಾಪರ್ ಜೇ-ಜೀ ಬಳಸಿದಾಗ, ಜಮೈಕಾದಲ್ಲಿ ತೆಗೆದ ಅವರ ಹಾಡಿನ ವಿಡಿಯೋದಲ್ಲಿ ನ್ಯಾನ್ಸಿಯವರೂ ಇದ್ದಾರೆ.

ನಮಸ್ಕಾರ.